ಸುದ್ದಿಯಾದ ಭದ್ರತಾ ದೋಷಗಳನ್ನು ಕಳ್ಳರು ನಿಜವಾಗಿಯೂ ಬಳಸುತ್ತಾರೆಯೇ?

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ನಮ್ಮದೊಂದು ಯಂತ್ರ ಬಿಡಿಭಾಗ ತಯಾರಿಸುವ ಘಟಕವಿದೆ. ಇಪ್ಪತ್ತೆಂಟು ಕಂಪ್ಯೂಟರ್, ಲೆಕ್ಕಪತ್ರಕ್ಕೆ ಒಂದು ಸರ್ವರ್, ಒಂದು ಫೈರ್‌ವಾಲ್, ಸಿಎನ್‌ಸಿ ಯಂತ್ರಕ್ಕೆ ಜೋಡಿಸಿದ ಹಳೆಯ ವಿಂಡೋಸ್ 7 ಕಂಪ್ಯೂಟರ್. ‘ಗಂಭೀರ ಭದ್ರತಾ ದೋಷ ಪತ್ತೆ, ಕೂಡಲೇ ಅಪ್‌ಡೇಟ್ ಮಾಡಿ’ ಎಂಬ ಸುದ್ದಿಯನ್ನು ವಾರಕ್ಕೊಮ್ಮೆಯಾದರೂ ಓದುತ್ತೇನೆ. ಕಂಪ್ಯೂಟರ್ ನೋಡಿಕೊಳ್ಳುವ ನಮ್ಮ ಹುಡುಗ, ‘ಇದೆಲ್ಲ ಕಂಪನಿಗಳು ಹೆದರಿಸುವ ತಂತ್ರ ಸಾರ್, ಹತ್ತು ವರ್ಷದಲ್ಲಿ ನಮಗೇನೂ ಆಗಿಲ್ಲ’ ಎನ್ನುತ್ತಾನೆ. ಇಂಥ ದೋಷಗಳನ್ನು ನಿಜವಾದ ದಾಳಿಗಳಲ್ಲಿ ಬಳಸುತ್ತಾರೆಯೇ? ಬಳಸುವುದಾದರೆ, ಅವನ್ನು ಪ್ರಕಟಿಸುವುದೇ ಕಳ್ಳರಿಗೆ ದಾರಿ ತೋರಿಸಿದಂತಾಗುವುದಿಲ್ಲವೇ?

ಉತ್ತರ: ನಿಮ್ಮ ಹುಡುಗ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಂಪ್ಯೂಟರ್ ಭದ್ರತೆಯ ನಮ್ಮ ವೃತ್ತಿಯವರು ಗ್ರಾಹಕರ ಮುಂದೆ ಅದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ.

ಪತ್ತೆಯಾದ ಪ್ರತಿ ದೋಷಕ್ಕೂ ಸಿವಿಇ ಎಂಬ ಕ್ರಮಸಂಖ್ಯೆ ಕೊಡುವ ಪದ್ಧತಿ ಶುರುವಾದದ್ದು 1999ರಲ್ಲಿ. 2024ನೇ ಇಸವಿಯೊಂದರಲ್ಲೇ ಹೀಗೆ ಸಂಖ್ಯೆ ಪಡೆದ ದೋಷಗಳು ಸುಮಾರು 40,000. ದಿನಕ್ಕೆ ನೂರಕ್ಕೂ ಹೆಚ್ಚು. ಇವೆಲ್ಲವೂ ಕಳ್ಳರ ಕೈಗೆ ಆಯುಧವಾಗುವಂತಿದ್ದರೆ ಪೀಣ್ಯದಲ್ಲಿ ಒಂದು ಕಂಪ್ಯೂಟರೂ ನೆಟ್ಟಗೆ ಉಳಿಯುತ್ತಿರಲಿಲ್ಲ. 2009ರಿಂದ 2018ರವರೆಗೆ ಪ್ರಕಟವಾದ ಸುಮಾರು 76,000 ದೋಷಗಳನ್ನು ಸಂಶೋಧಕರು ದಾಳಿಯ ದಾಖಲೆಗಳೊಂದಿಗೆ ತಾಳೆ ಹಾಕಿ ನೋಡಿದರು. ನಿಜವಾದ ದಾಳಿಯಲ್ಲಿ ಕಾಣಿಸಿಕೊಂಡದ್ದು ಶೇ 5.5ರಷ್ಟು ಮಾತ್ರ. ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಸಾ, ದಾಳಿಯಲ್ಲಿ ಬಳಕೆಯಾದದ್ದು ಖಚಿತವಾದ ದೋಷಗಳದ್ದೇ ಒಂದು ಪಟ್ಟಿಯನ್ನು 2021ರ ನವೆಂಬರ್‌ನಿಂದ ನಡೆಸುತ್ತಿದೆ. ಸಿವಿಇಗಳ ಒಟ್ಟು ಸಂಖ್ಯೆ ಎರಡೂವರೆ ಲಕ್ಷ ದಾಟಿದ್ದ 2024ರ ಕೊನೆಯಲ್ಲಿ ಈ ಪಟ್ಟಿಯಲ್ಲಿದ್ದವು ಸುಮಾರು 1,200.

ಹಾಗಾದರೆ ನಿಶ್ಚಿಂತೆಯಿಂದ ಇರಬಹುದೇ? ಆ ನೂರರಲ್ಲಿ ಐದು ಯಾವುವು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸುದ್ದಿಯ ಅಬ್ಬರ ಅದನ್ನು ಹೇಳುವುದಿಲ್ಲ. 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಎರಡು ದೋಷಗಳು ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೇ ಬಂದವು. ಪ್ರೊಸೆಸರ್‌ನ ಒಳಗೇ ಇದ್ದ ದೋಷ, ಹೆಚ್ಚುಕಡಿಮೆ ಪ್ರತಿ ಕಂಪ್ಯೂಟರ್‌ಗೂ ಅನ್ವಯ. ಅಷ್ಟಾದರೂ ಅವುಗಳಿಂದ ಊರಿಗೆ ಊರೇ ಮುಳುಗಿದ ದಾಳಿ ನಡೆಯಲಿಲ್ಲ. ಕಾರಣ ಸರಳ: ಅವನ್ನು ಬಳಸಬೇಕಾದರೆ ಕಳ್ಳನ ಪ್ರೋಗ್ರಾಂ ನಿಮ್ಮ ಕಂಪ್ಯೂಟರ್‌ನೊಳಗೆ ಮೊದಲೇ ಓಡುತ್ತಿರಬೇಕು. ಅಷ್ಟರಮಟ್ಟಿಗೆ ಒಳಗೆ ಬಂದವನಿಗೆ ಇಷ್ಟು ನಾಜೂಕಿನ, ಮಾಹಿತಿ ಹನಿಹನಿಯಾಗಿ ಸೋರುವ ದಾರಿಯ ಅಗತ್ಯವೇ ಇರುವುದಿಲ್ಲ.

ಅದರ ಪಕ್ಕದಲ್ಲಿ 2021ರ ಡಿಸೆಂಬರ್ ಇಟ್ಟು ನೋಡಿ. ಲಾಗ್‌ಫೋರ್‌ಜೆ ಎಂಬುದು ಪ್ರೋಗ್ರಾಂಗಳು ತಮ್ಮ ದಿನಚರಿ ಬರೆದಿಡಲು ಬಳಸುವ ಒಂದು ಪುಟ್ಟ ತಂತ್ರಾಂಶ. ಜಾವಾ ಭಾಷೆಯಲ್ಲಿ ಬರೆದ ಲೆಕ್ಕವಿಲ್ಲದಷ್ಟು ಸರ್ವರ್‌ಗಳ ಹೊಟ್ಟೆಯಲ್ಲಿ ಅದಿತ್ತು. ಡಿಸೆಂಬರ್ 9ರಂದು ಅದರ ದೋಷ ಬಯಲಾಯಿತು. ಕಳ್ಳರನ್ನು ಗಮನಿಸಲೆಂದೇ ನಾನು ಇಂಟರ್‌ನೆಟ್‌ಗೆ ತೆರೆದಿಟ್ಟ ಒಂದು ಖಾಲಿ ಸರ್ವರ್ ಇದೆ. ಹೆಸರಿಲ್ಲ, ವೆಬ್‌ಸೈಟ್ ಇಲ್ಲ, ಯಾರಿಗೂ ಅದರ ವಿಳಾಸ ಕೊಟ್ಟವನಲ್ಲ. ಶನಿವಾರ 11ರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ದಿನಚರಿ ತೆರೆದೆ. ಬಂದವರು ತಮ್ಮ ಬ್ರೌಸರ್ ಯಾವುದೆಂದು ಹೇಳಿಕೊಳ್ಳುವ ಜಾಗದಲ್ಲಿ ಸಾಮಾನ್ಯವಾಗಿ ಕ್ರೋಮ್ ಎಂದೋ ಫೈರ್‌ಫಾಕ್ಸ್ ಎಂದೋ ಇರುತ್ತದೆ. ಅಂದು ಅಲ್ಲಿ ಒಂದು ಡಾಲರ್ ಚಿಹ್ನೆ, ಒಂದು ಕೊಂಡಿ ಆವರಣ, ಜೆಎನ್‌ಡಿಐ ಎಂಬ ನಾಲ್ಕು ಅಕ್ಷರ, ಅದರ ಬೆನ್ನಿಗೆ ದೂರದ ಯಾವುದೋ ಸರ್ವರ್‌ನ ವಿಳಾಸ ಇತ್ತು. ಆ ಒಂದು ಸಾಲನ್ನು ದೋಷವಿರುವ ತಂತ್ರಾಂಶ ತನ್ನ ದಿನಚರಿಯಲ್ಲಿ ಬರೆದುಕೊಂಡರೆ ಸಾಕು, ತಾನಾಗಿಯೇ ಆ ವಿಳಾಸಕ್ಕೆ ಹೋಗಿ ಅಲ್ಲಿ ಸಿಕ್ಕ ಪ್ರೋಗ್ರಾಂ ತಂದು ಓಡಿಸಿಬಿಡುತ್ತಿತ್ತು. ಪುಟ ಕೆಳಗೆ ಸರಿಸಿದಷ್ಟೂ ಅದೇ ಸಾಲು, ಬೇರೆ ಬೇರೆ ದೇಶದಿಂದ, ಬೇರೆ ಬೇರೆ ವೇಷದಲ್ಲಿ. ಕಾಫಿ ಆರಿಹೋಯಿತು. ಯಾರೂ ಅರಿಯದ ಒಂದು ಸರ್ವರ್‌ನ ಬಾಗಿಲನ್ನು ಎರಡೇ ದಿನದೊಳಗೆ ಇಷ್ಟು ಜನ ತಟ್ಟಿದ್ದರು.

ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಳ್ಳನಿಗೆ ಬೇಕಾದದ್ದು ಏನೆಂಬುದು ಕಾಣುತ್ತದೆ. ದೋಷ ಬೀದಿಗೆ ಮುಖ ಮಾಡಿರಬೇಕು, ಅಂದರೆ ಇಂಟರ್‌ನೆಟ್‌ನಿಂದ ನೇರವಾಗಿ ಮುಟ್ಟುವಂತಿರಬೇಕು. ಪಾಸ್‌ವರ್ಡ್ ಕೇಳಬಾರದು. ಒಂದೇ ಕೀಲಿ ಸಾವಿರಾರು ಮನೆಗಳಿಗೆ ಹೊಂದಬೇಕು. ದೋಷಕ್ಕೆ ಹತ್ತಕ್ಕೆ ಒಂಬತ್ತೂವರೆ ಅಂಕ ಬಿದ್ದಿದೆ ಎಂದು ಸುದ್ದಿ ಹೇಳಿದರೆ, ಬಳಸಿದರೆ ಎಷ್ಟು ಹಾನಿಯಾದೀತು ಎಂಬುದನ್ನಷ್ಟೇ ಅದು ಹೇಳುತ್ತದೆ. ಬಳಸುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಅದನ್ನು ಅಂದಾಜಿಸಲೆಂದೇ ಫಸ್ಟ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಇಪಿಎಸ್‌ಎಸ್ ಎಂಬ ಇನ್ನೊಂದು ಅಳತೆಯನ್ನು ನಡೆಸುತ್ತಿದೆ. ಮುಂದಿನ 30 ದಿನಗಳಲ್ಲಿ ದಾಳಿ ಕಾಣಿಸಿಕೊಳ್ಳುವ ಸಾಧ್ಯತೆ ಎಷ್ಟು ಎಂಬುದನ್ನು ಅದು ಪ್ರತಿದಿನ ಲೆಕ್ಕ ಹಾಕಿ ಹೇಳುತ್ತದೆ. ಉಚಿತ, ಯಾರು ಬೇಕಾದರೂ ನೋಡಬಹುದು.

ಇನ್ನು ಪ್ರಕಟಣೆಯೇ ಕಳ್ಳರಿಗೆ ದಾರಿ ತೋರಿಸುತ್ತದೆಯೇ ಎಂಬ ನಿಮ್ಮ ಎರಡನೆಯ ಪ್ರಶ್ನೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ದಾರಿ ತೋರಿಸುತ್ತದೆ, ಹೌದು. ದೋಷದ ವಿವರ ಮುಚ್ಚಿಟ್ಟು ಪರಿಹಾರವನ್ನಷ್ಟೇ, ಅಂದರೆ ಪ್ಯಾಚನ್ನಷ್ಟೇ, ಬಿಡುಗಡೆ ಮಾಡಿದರೂ ತೋರಿಸುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನಾನು ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು. ಪ್ಯಾಚ್‌ಗೆ ಮುಂಚಿನ ಕಡತವನ್ನು ಪರದೆಯ ಎಡಕ್ಕೆ, ನಂತರದ್ದನ್ನು ಬಲಕ್ಕೆ ಇಡುತ್ತೇವೆ. ಸಾವಿರಾರು ಸಾಲು ಒಂದೇ ಥರ. ಒಂದು ಕಡೆ ಮಾತ್ರ ಬಲಕ್ಕೆ ಮೂರು ಸಾಲು ಹೆಚ್ಚು: ಒಳಬಂದ ಮಾಹಿತಿಯ ಉದ್ದ ಇಷ್ಟಕ್ಕಿಂತ ಹೆಚ್ಚಿದ್ದರೆ ಅದನ್ನು ಒಳಗೆ ಬಿಡಬೇಡ. ಹಾಗಾದರೆ ಎಡಗಡೆಯ ಹಳೆಯ ಕಡತಕ್ಕೆ ಉದ್ದದ ಮಾಹಿತಿ ಕಳಿಸಿದರೆ ಏನಾಗುತ್ತದೆ? ಪಾಠ ಅಲ್ಲಿಗೆ ಬಂದಾಗ ತರಗತಿಯಲ್ಲಿ ಒಂದು ಕ್ಷಣ ಸದ್ದಿರುವುದಿಲ್ಲ. ಕಂಪನಿ ಬಾಗಿಲಿಗೆ ಹಚ್ಚಿದ ಹೊಸ ಪಟ್ಟಿಯೇ ಬಾಗಿಲು ಎಲ್ಲಿ ಸೀಳಿತ್ತು ಎಂಬುದನ್ನು ತೋರಿಸಿಬಿಟ್ಟಿರುತ್ತದೆ. ಪಳಗಿದ ಕೈಗೆ ಕೆಲವೊಮ್ಮೆ ಒಂದು ಮಧ್ಯಾಹ್ನ ಸಾಕು. ಮೈಕ್ರೋಸಾಫ್ಟ್ ತಿಂಗಳ ಎರಡನೆಯ ಮಂಗಳವಾರ ಪ್ಯಾಚ್ ಬಿಡುತ್ತದೆ. ಅದರ ಮರುದಿನವನ್ನು ನಮ್ಮ ವೃತ್ತಿಯವರು ದಾಳಿಯ ಬುಧವಾರ ಎಂದೇ ಕರೆಯುತ್ತಾರೆ.

ಹಾಗಿದ್ದೂ ಪ್ರಕಟಣೆ ಬೇಕೇ ಬೇಕು ಎಂಬುದು ನನ್ನ ಗಟ್ಟಿ ನಿಲುವು. ಮುಚ್ಚಿಟ್ಟ ದೋಷ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು 2017ರಲ್ಲಿ ಕಂಡಾಗಿದೆ. ವಿಂಡೋಸ್ ಕಂಪ್ಯೂಟರ್‌ಗಳು ಒಂದರೊಡನೊಂದು ಕಡತ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ ಒಂದು ದೋಷವಿತ್ತು. ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ ಅದನ್ನು ತನ್ನ ಕೆಲಸಕ್ಕೆಂದು ಗುಟ್ಟಾಗಿ ಇಟ್ಟುಕೊಂಡಿತ್ತು. ಆ ಗುಟ್ಟು ಕಳುವಾಯಿತು. ಮಾರ್ಚ್ 14ರಂದು ಮೈಕ್ರೋಸಾಫ್ಟ್ ಪ್ಯಾಚ್ ಬಿಟ್ಟಿತು. ಏಪ್ರಿಲ್ 14ರಂದು ಶ್ಯಾಡೋ ಬ್ರೋಕರ್ಸ್ ಎಂದು ಕರೆದುಕೊಂಡ ಗುಂಪೊಂದು ಕದ್ದ ಆಯುಧವನ್ನು ಬಯಲಿಗೆಸೆಯಿತು. ಮೇ 12ರಂದು ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ ದಾಳಿ ಬಂತು: ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ನಮ್ಮ ನೆರೆಯ ಆಂಧ್ರದಲ್ಲಿ ಪೊಲೀಸರ ಕಂಪ್ಯೂಟರ್‌ಗಳೂ ಬಲಿಯಾದವು. ಜೂನ್ 27ರಂದು ಅದೇ ದೋಷವನ್ನು ಬಳಸಿದ ನಾಟ್‌ಪೆಟ್ಯಾ ದಾಳಿಯಲ್ಲಿ ಮುಂಬೈ ಬಳಿಯ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ ಕೆಲಸ ನಿಲ್ಲಿಸಬೇಕಾಯಿತು.

ಈ ದಿನಾಂಕಗಳನ್ನು ಇನ್ನೊಮ್ಮೆ ನೋಡಿ. ಪ್ಯಾಚ್ ಬಂದು ವಾನಾಕ್ರೈಗೆ 59 ದಿನ. ನಾಟ್‌ಪೆಟ್ಯಾಗೆ ಮೂರೂವರೆ ತಿಂಗಳು, ಅದೂ ವಾನಾಕ್ರೈಯನ್ನು ಜಗತ್ತೆಲ್ಲ ಕಣ್ಣಾರೆ ಕಂಡಮೇಲೆ. ಅದೇ ವರ್ಷ ಅಮೆರಿಕದ ಸಾಲದ ಮಾಹಿತಿ ಸಂಸ್ಥೆ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ವಿವರ ಕಳುವಾಯಿತು. ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ಆ ದೋಷಕ್ಕೆ ಮಾರ್ಚ್‌ನಲ್ಲೇ ಪರಿಹಾರ ಬಂದಿತ್ತು, ಕಳ್ಳರು ಮಾಹಿತಿ ಸಾಗಿಸತೊಡಗಿದ್ದು ಮೇ ತಿಂಗಳಲ್ಲಿ. ಗುಟ್ಟು ಬಯಲಾದದ್ದರಿಂದ ಆದ ಹಾನಿಗಿಂತ, ಬಯಲಾದಮೇಲೆ ಪರಿಹಾರವನ್ನು ಕಪಾಟಿನಲ್ಲಿಟ್ಟು ಕುಳಿತದ್ದರಿಂದ ಆದ ಹಾನಿ ಎಷ್ಟೋ ಪಾಲು ದೊಡ್ಡದು. ಈ ಚಾಳಿ ಈಗಲೂ ಹೋಗಿಲ್ಲ. ಸಿಸಾ ಪಟ್ಟಿಯಲ್ಲಿರುವ, ಅಂದರೆ ಕಳ್ಳರು ಬಳಸುತ್ತಿದ್ದಾರೆ ಎಂದು ಗೊತ್ತಿರುವ ದೋಷಗಳಲ್ಲೇ ಅರ್ಧದಷ್ಟನ್ನು ಸರಿಪಡಿಸಲು ಸಂಸ್ಥೆಗಳಿಗೆ ಪ್ಯಾಚ್ ಬಂದಮೇಲೆ 55 ದಿನ ಬೇಕಾಗುತ್ತದೆ ಎಂದು ವೆರಿಜಾನ್ ಕಂಪನಿಯ 2024ರ ವರದಿ ಹೇಳುತ್ತದೆ.

ಸುದ್ದಿಯಾಗುವ ಮುಂಚೆಯೇ ಬಳಕೆಯಾಗುವ ದೋಷಗಳೂ ಇವೆ. 2023ರಲ್ಲಿ ಮೂವ್‌ಇಟ್ ಎಂಬ ಕಡತ ವರ್ಗಾವಣೆ ತಂತ್ರಾಂಶದ ದೋಷವನ್ನು ಕ್ಲಾಪ್ ಎಂಬ ಸುಲಿಗೆ ಗುಂಪು ಯಾರಿಗೂ ತಿಳಿಯುವ ಮುನ್ನವೇ ಬಳಸಿ ಸಾವಿರಾರು ಸಂಸ್ಥೆಗಳ ಮಾಹಿತಿ ದೋಚಿತು. ಕಳ್ಳರಿಗೆ ಮೊದಲೇ ಗೊತ್ತಿದ್ದ ಸಂಗತಿ ನಮಗೆ ಗೊತ್ತಾಗಲೆಂದೇ ಪ್ರಕಟಣೆ ಬೇಕು. ಆದರೆ ನಿಮ್ಮಂಥ ಘಟಕಗಳನ್ನು ಕೆಡಿಸುವುದು ಬಹುಪಾಲು ಹಳೆಯ, ಪರಿಹಾರ ಸಿಕ್ಕಿ ತಿಂಗಳುಗಳೇ ಉರುಳಿದ ದೋಷ.

‘ನಮ್ಮಂಥ ಚಿಕ್ಕವರನ್ನು ಯಾರು ಕೇಳುತ್ತಾರೆ’ ಎಂಬ ಮಾತು ನಿಮ್ಮ ಪತ್ರದಲ್ಲಿ ಇಲ್ಲ, ಆದರೆ ಅದರ ನೆರಳಿದೆ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಜ಼ೆಡ್‌ಮ್ಯಾಪ್ ಎಂಬ ಸಾಧನ ತಯಾರಿಸಿ, ಒಂದು ಸಾಮಾನ್ಯ ಕಂಪ್ಯೂಟರ್ ಮತ್ತು ಒಳ್ಳೆಯ ಸಂಪರ್ಕವಿದ್ದರೆ ಹಳೆಯ ಪದ್ಧತಿಯ ಇಂಟರ್‌ನೆಟ್ ವಿಳಾಸಗಳನ್ನೆಲ್ಲ 45 ನಿಮಿಷದೊಳಗೆ ಒಮ್ಮೆ ತಟ್ಟಿ ಬರಬಹುದು ಎಂದು ತೋರಿಸಿದರು. ಇಂದು ಆ ಕೆಲಸ ಹಗಲಿರುಳು ನಡೆಯುತ್ತಿದೆ. ಕಳ್ಳ ನಿಮ್ಮ ಘಟಕದ ಹೆಸರು ನೋಡಿ ಬರುವುದಿಲ್ಲ. ನಿಮ್ಮ ಫೈರ್‌ವಾಲ್‌ನ, ಅಂದರೆ ಇಂಟರ್‌ನೆಟ್‌ಗೂ ನಿಮ್ಮ ಜಾಲಕ್ಕೂ ನಡುವೆ ಕಾವಲಿರುವ ಪೆಟ್ಟಿಗೆಯ, ಆವೃತ್ತಿ ಹಳೆಯದೆಂದು ಅವನ ಪಟ್ಟಿಯಲ್ಲಿ ಮೂಡುತ್ತದೆ, ಅಷ್ಟೆ. ಒಳಹೊಕ್ಕಮೇಲೆಯೇ ಇದು ಪೀಣ್ಯದ ಕಾರ್ಖಾನೆಯೋ ಬಸವನಗುಡಿಯ ಲ್ಯಾಬೋ ಎಂದು ನೋಡುತ್ತಾನೆ.

2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರು ಹಣ ಪಾವತಿ ಮಾಡಲಾಗದೆ ಪರದಾಡಿದ್ದು ನಿಮಗೆ ನೆನಪಿರಬಹುದು. ಅವುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಕಂಪನಿ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಗೆ ಸಿಲುಕಿದ್ದರಿಂದ ದೇಶದ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತ್ತು. ಬೆಂಗಳೂರಿನಲ್ಲಿ ಕಚೇರಿಯಿರುವ ಕ್ಲೌಡ್‌ಸೆಕ್ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ ಕಳ್ಳರು ಒಳಹೊಕ್ಕದ್ದು ಇನ್ನೊಂದು ಪಾಲುದಾರ ಕಂಪನಿಯ, ಪ್ರೋಗ್ರಾಂಗಳನ್ನು ಕಟ್ಟಿ ಪರೀಕ್ಷಿಸಲು ಬಳಸುವ ಜೆಂಕಿನ್ಸ್ ಎಂಬ ತಂತ್ರಾಂಶದ ಸರ್ವರ್ ಮೂಲಕ. ಆ ಜೆಂಕಿನ್ಸ್ ದೋಷ ಬಹಿರಂಗವಾಗಿ, ಪರಿಹಾರವೂ ಸಿಕ್ಕಿದ್ದು ಅದೇ ವರ್ಷದ ಜನವರಿಯಲ್ಲಿ.

ಹತ್ತಿರದ್ದೊಂದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ದಸರಾ ರಜೆ ಮುಗಿದ ಬೆಳಿಗ್ಗೆ, ನಗರದ ಒಂದು ಕೈಗಾರಿಕಾ ಪ್ರದೇಶದ ಸಣ್ಣ ಘಟಕದಿಂದ ಕರೆ ಬಂತು. ಹೋಗಿ ನೋಡಿದರೆ ಸರ್ವರ್‌ನ ಪ್ರತಿ ಕಡತದ ಹೆಸರಿಗೂ ಅರ್ಥವಿಲ್ಲದ ಬಾಲ ಅಂಟಿಕೊಂಡಿದೆ, ಯಾವುದೂ ತೆರೆಯುತ್ತಿಲ್ಲ, ಪರದೆಯ ಮೇಲೆ ಹಣ ಕೇಳುವ ಚೀಟಿ. ಬ್ಯಾಕಪ್ ಡಿಸ್ಕ್ ಇತ್ತು; ಆದರೆ ಅದೇ ಸರ್ವರ್‌ಗೆ ಸದಾ ಸಿಕ್ಕಿಸಿಟ್ಟಿದ್ದರಿಂದ ಅದೂ ಹೋಗಿತ್ತು. ಗೋಡೆಯ ಹಲಗೆಯ ಮೇಲೆ ಫೈರ್‌ವಾಲ್ ಪೆಟ್ಟಿಗೆ. ಆಯುಧ ಪೂಜೆಯಲ್ಲಿ ಯಂತ್ರಗಳ ಜೊತೆ ಅದಕ್ಕೂ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟಿದ್ದರು. ಹೂವು ಇನ್ನೂ ಪೂರ್ತಿ ಒಣಗಿರಲಿಲ್ಲ. ಅದರ ತಂತ್ರಾಂಶ ಮಾತ್ರ ಪೆಟ್ಟಿಗೆ ಕೊಂಡ ದಿನದ್ದೇ. ಕಳ್ಳರು ಬಳಸಿದ ದೋಷಕ್ಕೆ ತಯಾರಕರು ಪ್ಯಾಚ್ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ದಿನಚರಿ ತೆಗೆದರೆ ಮೊದಲ ಪ್ರವೇಶ ಮೂರು ವಾರದ ಹಿಂದೆ, ರಾತ್ರಿ ಎರಡೂವರೆಯ ಹೊತ್ತಿಗೆ, ಕೆಲಸ ಬಿಟ್ಟು ಹೋಗಿದ್ದ ಸ್ಟೋರ್ ಗುಮಾಸ್ತರ ಹೆಸರಿನಲ್ಲಿ. ಮೂರು ವಾರ ಸುಮ್ಮನಿದ್ದು ರಜೆಯ ದಿನಕ್ಕೆ ಕಾದಿದ್ದರು. ಮಾಲೀಕರು ಕಬ್ಬಿಣದ ಪೆಟ್ಟಿಗೆಯಿಂದ ಕಾರ್ಬನ್ ಪ್ರತಿಯ ಡೆಲಿವರಿ ಚಲನ್‌ಗಳನ್ನು ತೆಗೆದು ನೆಲದ ಮೇಲೆ ಸಾಲಾಗಿ ಹರಡಿಕೊಂಡು ಕುಳಿತರು. ಯಾರಿಂದ ಎಷ್ಟು ಬಾಕಿ ಬರಬೇಕೆಂದು ಮತ್ತೆ ಕೂಡಿಸಿ ಕಟ್ಟಲು ಅವರಿಗೂ ಅವರ ಮಗಳಿಗೂ ಹನ್ನೊಂದು ದಿನ ಹಿಡಿಯಿತು. ಆ ನೆಲದ ಮೇಲಿನ ಚೀಟಿಗಳನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯುರಿಯುತ್ತದೆ, ಏಕೆಂದರೆ ಅದನ್ನು ತಪ್ಪಿಸಲು ಬೇಕಿದ್ದದ್ದು ಅರ್ಧ ಗಂಟೆಯ ಕೆಲಸ.

ಆ ಘಟಕದವರೂ ಹಿಂದಿನ ವಾರದವರೆಗೆ ‘ಏನೂ ಆಗಿಲ್ಲ’ ಎಂದೇ ಹೇಳುತ್ತಿದ್ದರು. ಹೇಳಿದ ಹೊತ್ತಿಗೆ ಕಳ್ಳ ಒಳಗಿದ್ದ.

ಪ್ಯಾಚ್ ಹಾಕಿದಮೇಲೂ ಒಂದು ಕೆಲಸ ಉಳಿಯುತ್ತದೆ, ಬಹಳ ಜನ ಮರೆಯುವುದು ಇದನ್ನೇ. ಹೊರಗಿನಿಂದ ಕಚೇರಿಯ ಜಾಲಕ್ಕೆ ಸೇರಲು ಬಳಸುವ ದಾರಿಗೆ ವಿಪಿಎನ್ ಎನ್ನುತ್ತಾರೆ. ಫೋರ್ಟಿನೆಟ್ ಕಂಪನಿಯ ವಿಪಿಎನ್‌ನಲ್ಲಿದ್ದ ಒಂದು ದೋಷಕ್ಕೆ 2019ರ ಮೇ ತಿಂಗಳಲ್ಲೇ ಪರಿಹಾರ ಬಂದಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಸುಮಾರು 87,000 ಸಾಧನಗಳ ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳನ್ನು ಅದೇ ದೋಷದ ಮೂಲಕ ಕದ್ದು ಕಳ್ಳರು ಬಯಲಿಗೆ ಹರಡಿದರು. ಅವುಗಳಲ್ಲಿ ಕೆಲವಕ್ಕೆ ಅಷ್ಟರಲ್ಲಿ ಪ್ಯಾಚ್ ಹಾಕಿಯಾಗಿದ್ದರೂ, ಪಾಸ್‌ವರ್ಡ್ ಬದಲಿಸದಿದ್ದರೆ ಅಪಾಯ ಹಾಗೆಯೇ ಉಳಿದಿದೆ ಎಂದು ಕಂಪನಿಯೇ ಎಚ್ಚರಿಸಿತು. ಬೀಗ ರಿಪೇರಿಯಾಗಿತ್ತು, ನಕಲಿ ಕೀಲಿ ಮಾತ್ರ ಕಳ್ಳನ ಜೇಬಿನಲ್ಲೇ ಇತ್ತು.

ಈಗ ನಿಮ್ಮ ಘಟಕಕ್ಕೆ ಬರುತ್ತೇನೆ. ಪ್ರತಿ ಸುದ್ದಿಗೂ ಓಡಬೇಡಿ, ಅದು ಸಾಧ್ಯವೂ ಇಲ್ಲ. ಮೊದಲು ಫೈರ್‌ವಾಲ್ ಮತ್ತು ವಿಪಿಎನ್ ನೋಡಿ, ಏಕೆಂದರೆ ಬೀದಿಗೆ ಮುಖ ಮಾಡಿರುವುದು ಅವೇ. ಆವೃತ್ತಿ ಯಾವುದು, ತಯಾರಕರು ಅದಕ್ಕೆ ಇನ್ನೂ ಪ್ಯಾಚ್ ಕೊಡುತ್ತಿದ್ದಾರೆಯೇ ಎಂದು ನಿಮ್ಮ ಹುಡುಗನಿಂದ ಬರೆಸಿಕೊಳ್ಳಿ. ಕೆಲಸ ಬಿಟ್ಟವರ ಹೆಸರುಗಳನ್ನು ಅಳಿಸಿಸಿ. ಲೆಕ್ಕಪತ್ರದ ಸರ್ವರನ್ನು ಮನೆಯಿಂದ ನೋಡಲೆಂದು ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಟ್ಟಿದ್ದರೆ ಇಂದೇ ಮುಚ್ಚಿಸಿ. ಸಿಸಾ ಪಟ್ಟಿಯಲ್ಲಿ ನಿಮ್ಮಲ್ಲಿರುವ ಸಾಧನದ ಹೆಸರು ಬಂದರೆ ಅದೊಂದಕ್ಕೆ ಮಾತ್ರ ಕೈಯಲ್ಲಿನ ಕೆಲಸ ಬಿಟ್ಟು ಎದ್ದೇಳಿ. ನಮ್ಮ ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ ಇಂಥ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ದಾಳಿಯಾದರೆ ತಿಳಿದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನವಿದೆ ಎಂಬುದೂ ನೆನಪಿರಲಿ. ಬ್ಯಾಕಪ್ ಡಿಸ್ಕ್ ಎರಡು ಇರಲಿ, ಒಂದನ್ನು ಬಿಚ್ಚಿ ಬೀರುವಿನಲ್ಲಿಡಿ. ಉಳಿದ ಕಂಪ್ಯೂಟರ್‌ಗಳ ವಿಂಡೋಸ್, ಆಫೀಸ್, ಬ್ರೌಸರ್ ತಾವಾಗಿಯೇ ಅಪ್‌ಡೇಟ್ ಆಗುವಂತೆ ಬಿಟ್ಟುಬಿಡಿ. ವರ್ಡ್ ಕಡತಗಳಲ್ಲಿ ಗಣಿತದ ಸಮೀಕರಣ ಬರೆಯುವ ಒಂದು ಮೂಲೆಯ ಸಾಧನಕ್ಕೆ 2017ರ ನವೆಂಬರ್‌ನಲ್ಲೇ ಪ್ಯಾಚ್ ಬಂತು. ಆದರೂ ಕೊಟೇಷನ್, ಇನ್‌ವಾಯ್ಸ್ ಎಂಬ ಹೆಸರಿನ ಕಡತಗಳೊಳಗೆ ಆ ದೋಷವನ್ನು ಬಳಸುವ ಬಲೆಗಳು ಅದಾದಮೇಲೂ ಎಷ್ಟೋ ವರ್ಷ ಇಮೇಲ್‌ನಲ್ಲಿ ಬರುತ್ತಲೇ ಇದ್ದವು.

ಸಿಎನ್‌ಸಿ ಯಂತ್ರದ ಕಂಪ್ಯೂಟರ್‌ನದು ಬೇರೆ ಕಥೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ರಂದು, ಅಂದರೆ ಅದಕ್ಕೆ ಪ್ಯಾಚ್ ಬರುವ ಕಾಲ ಮುಗಿದಿದೆ. ವಾನಾಕ್ರೈಗೆ ಬಲಿಯಾದವುಗಳಲ್ಲಿ ಬಹುಪಾಲು ವಿಂಡೋಸ್ 7 ಕಂಪ್ಯೂಟರ್‌ಗಳೇ. ಲಕ್ಷಾಂತರ ರೂಪಾಯಿಯ ಯಂತ್ರವನ್ನು ಒಂದು ಕಂಪ್ಯೂಟರ್‌ಗಾಗಿ ಬದಲಿಸಿ ಎಂದು ನಾನು ಹೇಳಲಾರೆ. ಆದರೆ ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಕಚೇರಿಯ ಜಾಲದಿಂದ ಅದನ್ನು ಬೇರ್ಪಡಿಸಿ, ಕಡತ ಹಂಚಿಕೆಯ 445ನೇ ಪೋರ್ಟ್ ಮುಚ್ಚಿಸಿ, ಡ್ರಾಯಿಂಗ್ ಸಾಗಿಸಲು ಅದಕ್ಕೆಂದೇ ಒಂದು ಪೆನ್‌ಡ್ರೈವ್ ಇಟ್ಟು, ಪ್ರತಿ ಸಲ ಬೇರೆ ಕಂಪ್ಯೂಟರ್‌ನಲ್ಲಿ ತಪಾಸಣೆ ಮಾಡಿಯೇ ಸಿಕ್ಕಿಸುವಂತೆ ಹೇಳಿ.

ಕೊನೆಯದಾಗಿ, ನಿಮ್ಮ ಹುಡುಗನಿಗೆ ಬೈಯಬೇಡಿ. ಅಪ್‌ಡೇಟ್ ಹಾಕಲು ಫೈರ್‌ವಾಲ್ ನಿಲ್ಲಿಸಿದರೆ ಇಮೇಲ್ ನಿಲ್ಲುತ್ತದೆ, ಇಮೇಲ್ ನಿಂತರೆ ನಾಲ್ಕು ಕಡೆಯಿಂದ ಅವನಿಗೇ ಕೂಗು. ಆ ಕೂಗು ಕೇಳಿ ಕೇಳಿಯೇ ಎಷ್ಟೋ ಜನ ‘ಏನೂ ಆಗುವುದಿಲ್ಲ ಬಿಡಿ ಸಾರ್’ ಎನ್ನಲು ಕಲಿಯುತ್ತಾರೆ. ತಿಂಗಳಿಗೊಂದು ಭಾನುವಾರ, ಪಾಳಿ ಇಲ್ಲದ ಬೆಳಗಿನ ಹೊತ್ತು, ಎಲ್ಲವನ್ನೂ ನಿಲ್ಲಿಸಿ ಸರಿಪಡಿಸುವ ಅನುಮತಿಯನ್ನು ಅವನಿಗೆ ಬರಹದಲ್ಲಿ ಕೊಡಿ. ಆ ಭಾನುವಾರದ ಸಂಬಳವನ್ನೂ ಬೇರೆಯಾಗಿ ಕೊಡಿ.